ಎಂಬತ್ತರಲ್ಲಿ ಅದುರುವ ಕಾರು

ಕಾರು ಕೊಂಡ ಏಳನೇ ದಿನಕ್ಕೇ ನನಗೆ ಟೋಪಿ ಬಿದ್ದಿದೆ ಅಂತ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ನೈಸ್ ರಸ್ತೆಗೆ ಹತ್ತಿಸಿ, ಮುಂದೆ ಖಾಲಿ ಇದೆಯಲ್ಲ ಎಂದು ಕಾಲು ಒತ್ತಿದೆ. ಅರವತ್ತರವರೆಗೆ ಏನೂ ಇಲ್ಲ. ಎಪ್ಪತ್ತರಲ್ಲಿ ಸ್ಟೇರಿಂಗ್ ಸಣ್ಣಗೆ ನಡುಗಿತು. ಎಂಬತ್ತು ಮುಟ್ಟಿದ್ದೇ ತಡ, ಸ್ಟೇರಿಂಗು, ಸೀಟು, ನನ್ನ ಕನ್ನಡಕ ಎಲ್ಲವೂ ಗಡಗಡ ಅದುರತೊಡಗಿದವು. ಪಕ್ಕಕ್ಕೆ ತಂದು ನಿಲ್ಲಿಸಿ, ಇಳಿದು, ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದೆ. ನಾಲ್ಕು ಚಕ್ರವೂ ಇದ್ದವು.

ಕೊಳ್ಳುವ ಮುಂಚೆ ಇದೇ ರಸ್ತೆಯಲ್ಲಿ ಇದೇ ಕಾರನ್ನು ತೊಂಬತ್ತರಲ್ಲಿ ಓಡಿಸಿ ನೋಡಿದ್ದೆ. ಒಂದು ಚೂರೂ ಅಲುಗಾಡಿರಲಿಲ್ಲ. ಆರು ದಿನದಲ್ಲಿ ಅದುರು ಎಲ್ಲಿಂದ ಬರುತ್ತದೆ? ಮಾರುವ ದಿನಕ್ಕೆ ಮಾತ್ರ ಏನೋ ಕೈಚಳಕ ಮಾಡಿ ದಾಟಿಸಿದ್ದಾರೆ, ಅಷ್ಟೇ. ನನ್ನನ್ನು ಯಾಮಾರಿಸುವುದು ಸುಲಭವಲ್ಲ. ನಾನು ಶ್ರೀನಿವಾಸಮೂರ್ತಿ, ಜಯನಗರದಲ್ಲಿ ಎಲ್ಲರಿಗೂ ಸೀನು. ಬೊಮ್ಮಸಂದ್ರದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರು. ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಹುಡುಕಿದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ರಸ್ತೆ ಬದಿಯಿಂದಲೇ ಮಾರಿದವರಿಗೆ ಫೋನು ಮಾಡಿದೆ. ಸುಬ್ರಹ್ಮಣ್ಯಪುರದ ನಿವೃತ್ತ ಮೇಷ್ಟ್ರು, ಮಾತು ಮೆತ್ತಗೆ.

“ನಮ್ಮ ಹತ್ರ ಇದ್ದಾಗ ಒಂದು ದಿನಾನೂ ಅದುರಿಲ್ಲ ಸಾರ್,” ಅಂದರು.

“ಹಾಗಾದ್ರೆ ನಮ್ಮನೆಗೆ ಬಂದ ಮೇಲೆ ಅದಕ್ಕೆ ಚಳಿಜ್ವರ ಬಂತಾ ಮೇಷ್ಟ್ರೇ?” ಎಂದು ಕೂಗಿ, ಬಾಯಿಗೆ ಬಂದದ್ದೆಲ್ಲ ಅಂದು ಫೋನಿಟ್ಟೆ. ಆಮೇಲೆ ಅವರು ನನ್ನ ಫೋನು ಎತ್ತಲಿಲ್ಲ. ಎತ್ತದಿದ್ದದ್ದೇ ಅವರ ಕಳ್ಳತನಕ್ಕೆ ಸಾಕ್ಷಿ ಎಂದು ತೀರ್ಮಾನಿಸಿದೆ.

ಶನಿವಾರ ಸುದ್ದಗುಂಟೆಪಾಳ್ಯದ ಒಂದು ಗ್ಯಾರೇಜಿಗೆ ಗಾಡಿ ಒಯ್ದೆ. ಅಲ್ಲಿ ಚಕ್ರದ ಕೆಲಸ ನೋಡುತ್ತಿದ್ದವನು ಮುತ್ತುರಾಜ. ಮೂವತ್ತೈದರ ಆಸುಪಾಸು, ಗದಗದ ಕಡೆಯವನು, ಬೆಂಗಳೂರಿಗೆ ಬಂದು ಎಂಟು ತಿಂಗಳು. ಮಾತು ಕಡಿಮೆ. ಚಕ್ರ ಬಿಚ್ಚಿ ಮಿಷಿನ್ನಿಗೆ ಹಾಕಿ ತಿರುಗಿಸಿ ನನ್ನನ್ನು ಕರೆದ.

“ನೋಡ್ರಿ ಸರ, ಈ ಬಾಜೂ ಹಗುರ ಐತಿ. ಅದಕ್ಕ ಅದರಾಕತ್ತೈತಿ.”

ಹಗುರಾದ ಕಡೆ, ರಿಮ್ಮಿನ ಒಳಮೈಗೆ, ಬೆರಳಿನ ಉಗುರಿನಷ್ಟಿರುವ ಸೀಸದ ತುಂಡುಗಳನ್ನು ಸಾಲಾಗಿ ಅಂಟಿಸಿದ. ಒಂದೊಂದೂ ಐದು ಗ್ರಾಂ, ಒಂದೊಂದರ ಮೇಲೂ ಐದು ಎಂಬ ಅಂಕಿ. ಅಷ್ಟು ಸಣ್ಣ ತೂಕಕ್ಕೆ ಒಂದು ಟನ್ ಗಾಡಿ ಅದುರುವುದೂ ನಿಲ್ಲುವುದೂ ನನಗೆ ವಿಚಿತ್ರವೆನಿಸಿತು. ಮಾರನೆಯ ದಿನ ನೈಸ್ ರಸ್ತೆಯಲ್ಲಿ ತೊಂಬತ್ತು ಮುಟ್ಟಿಸಿದೆ. ಅದುರಿಲ್ಲ. ಮನೆಗೆ ಬಂದು ಹೆಂಡತಿ ಜಯಾಗೆ “ಸರಿಹೋಯ್ತು” ಅಂದೆ. ಹೇಗೆ ಸರಿಹೋಯಿತು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳಿಗೆ ಗಾಡಿ ವಿಷಯ ಹೇಳಿ ಏನು ಪ್ರಯೋಜನ ಎಂಬುದು ನನ್ನ ಲೆಕ್ಕ.

ಮುಂದಿನ ಭಾನುವಾರ ಮತ್ತೆ ಎಂಬತ್ತಕ್ಕೆ ಗಡಗಡ.

ನಂಬಲಾಗಲಿಲ್ಲ. ಸ್ಟೇರಿಂಗ್ ಬಿಟ್ಟು ಕೈ ನೋಡಿಕೊಂಡೆ, ಕೈಯೇ ನಡುಗುತ್ತಿದೆಯೋ ಏನೋ ಎಂದು. ಸೋಮವಾರ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಗ್ಯಾರೇಜಿಗೆ ಹೋಗಿ, ಬಾಗಿಲಲ್ಲೇ ಬೈಯಲು ಶುರು ಮಾಡಿದೆ. ಮುತ್ತುರಾಜ ಚಕ್ರ ಬಿಚ್ಚಿದ, ಒಳಗೆ ಬಗ್ಗಿ ನೋಡಿದ. ಬಗ್ಗಿದವನು ಸುಮಾರು ಹೊತ್ತು ಏಳಲೇ ಇಲ್ಲ. ಬೆರಳಿಂದ ಏನನ್ನೋ ಉಜ್ಜಿ ಮೂಸಿದ.

“ಏನಯ್ಯಾ, ಅಲ್ಲೇ ನಿದ್ದೆ ಬಂತಾ?”

“ಇಲ್ರಿ ಸರ. ಗಾಡಿ ಯಾರು ತೊಳೀತಾರ್ರಿ?”

“ಯಾರಾದ್ರೂ ತೊಳೀತಾರೆ. ನಿನಗ್ಯಾಕೆ? ನಿನ್ನ ಕೆಲಸ ನೀನು ನೋಡು.”

ಅವನು ಮತ್ತೆ ಕೇಳಲಿಲ್ಲ. ಹೊಸದಾಗಿ ಬ್ಯಾಲೆನ್ಸ್ ಮಾಡಿ ಕಳಿಸಿದ. ಆ ಭಾನುವಾರದೊಳಗೆ ಅದುರು ತಿರುಗಿ ಬಂತು. ಮೂರನೇ ಸಲ ಹೋದಾಗ ಗ್ಯಾರೇಜಿನ ಯಜಮಾನರೇ ಎದುರು ಬಂದರು. ಅವರು ತಿಲಕ್ ನಗರದವರು, ಗಿರಾಕಿ ಎಂದರೆ ದೇವರು ಎನ್ನುವ ಪೈಕಿ. ಟೈರು ನೋಡಿದರು, ರಿಮ್ಮು ಸೊಟ್ಟಗಾಗಿದೆಯೇ ಎಂದು ನೋಡಿದರು, ಗಾಡಿಯ ಅಡಿಗೆ ಹೋಗಿ ಬುಷ್ಷು, ಜಾಯಿಂಟು, ಶಾಫ್ಟು ಒಂದೊಂದನ್ನೂ ಅಲ್ಲಾಡಿಸಿ ನೋಡಿದರು. ಎಲ್ಲ ಗಟ್ಟಿಯಾಗಿತ್ತು. ಚಕ್ರದ ತೂಕ ಮಾತ್ರ ಮತ್ತೆ ತಪ್ಪಿತ್ತು.

“ನೀನು ಅಂಟಿಸೋದೇ ಸರಿಯಿಲ್ಲ ಕಣೋ,” ಎಂದು ಯಜಮಾನರು ಎಲ್ಲರೆದುರು ಮುತ್ತುರಾಜನಿಗೆ ಹೇಳಿದರು. “ಇನ್ನೊಂದು ಸಲ ಈ ಸಾರ್ ಗಾಡಿ ವಾಪಸ್ ಬಂದ್ರೆ ನೀನು ಊರಿಗೆ ಹೊರಡು. ನನಗೆ ಹೆಸರು ಮುಖ್ಯ.”

ಮುತ್ತುರಾಜನ ಮುಖ ಸಣ್ಣಗಾಯಿತು. ಹೊರಡುವಾಗ ಅವನು ನನ್ನ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಒಂದು ಮಾತು ಹೇಳಿದ.

“ಸರ, ಒಂದು ಕೆಲಸ ಮಾಡೂಣ. ಶುಕ್ರವಾರ ನಾ ನಿಮ್ಮ ಮನೀಗೆ ಬಂದು ಗಾಡಿ ತೊಳದು ಹೊಕ್ಕೀನ್ರಿ. ರೊಕ್ಕ ಏನೂ ಬ್ಯಾಡ. ಮನ್ಯಾಗ ಯಾರೂ ತೊಳೀಬ್ಯಾಡ್ರಿ.”

ನನಗೆ ಪಿತ್ತ ನೆತ್ತಿಗೇರಿತು. ಕೆಲಸ ಕೆಡಿಸಿದ್ದಲ್ಲದೆ ಮನೆಯೊಳಕ್ಕೂ ಬರುವ ಸಂಚು ಇದು. “ನಮ್ಮನೆ ಗಾಡಿ ತೊಳೆಯೋಕೆ ನಮ್ಮನೆಯವರಿಗೆ ಬರುತ್ತೆ. ನೀನು ಮೊದಲು ಅಂಟಿಸೋದು ಕಲಿ,” ಅಂದು ಗಾಜು ಏರಿಸಿದೆ.

ಅದುರು ತಿರುಗಿ ಬಂತು, ನಾಲ್ಕನೇ ಸಲ. ನಾನು ಗ್ಯಾರೇಜಿಗೆ ಹೋಗುವ ಮೊದಲು ಬಡಾವಣೆಯ ವಾಟ್ಸಾಪ್ ಗುಂಪಿಗೆ ಮೂರು ನಿಮಿಷದ ಧ್ವನಿ ಸಂದೇಶ ಹಾಕಿದೆ. ಗ್ಯಾರೇಜಿನ ಹೆಸರು, ಅವನ ಹೆಸರು, ಎರಡನ್ನೂ ಬಿಡಿಸಿ ಹೇಳಿದೆ. ನಲವತ್ತು ಜನ ಹೆಬ್ಬೆರಳು ಒತ್ತಿದರು. ನಾನು ತಲುಪುವ ಹೊತ್ತಿಗೆ ಅದು ಯಜಮಾನರ ಫೋನಿಗೂ ಬಂದಿತ್ತು. ಅವರು ಮುತ್ತುರಾಜನನ್ನು ಕರೆದು, “ಏನು ಹೇಳ್ತೀಯ?” ಎಂದರು.

ಅವನು ನನ್ನ ಮುಖ ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದ. ಆಮೇಲೆ ಕೈ ಒರೆಸುತ್ತಿದ್ದ ಬಟ್ಟೆಯನ್ನು ಬೆಂಚಿನ ಮೇಲಿಟ್ಟು, “ತಪ್ಪು ನಂದ ರೀ ಸರ,” ಅಂದ.

“ಹಾಗಾದ್ರೆ ಇವತ್ತಿಂದ ಬರ್ಬೇಡ,” ಅಂದರು ಯಜಮಾನರು.

ಅವರೇ ಕೂತು ಚಕ್ರ ಸರಿಮಾಡಿಕೊಟ್ಟರು. ಮಾರನೆಯ ದಿನ ಕಾರು ಸಖತ್ತಾಗಿ ಓಡಿತು. ನಾನು ಗುಂಪಿಗೆ ಇನ್ನೊಂದು ಸಂದೇಶ ಹಾಕಿ ಗೆದ್ದೆನೆಂದುಕೊಂಡೆ. ರಾತ್ರಿ ಊಟಕ್ಕೆ ಎರಡು ಸಲ ಸಾರು ಹಾಕಿಸಿಕೊಂಡೆ ಎಂಬುದೂ ನೆನಪಿದೆ. ಜಯಾ ಮಾತ್ರ ಅನ್ನ ಕಲೆಸಿಕೊಂಡು ಸುಮ್ಮನೆ ಕೂತಿದ್ದಳು. ಒಂದೂವರೆ ತಿಂಗಳಲ್ಲಿ ಅವಳು ಇಳಿದುಹೋಗಿದ್ದಳು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ನೋಡಿದೆ, ಏನೆಂದು ಕೇಳಲಿಲ್ಲ.

ಆ ಶುಕ್ರವಾರ ನನಗೆ ಜ್ವರ. ಬೇರೆ ಶುಕ್ರವಾರಗಳಲ್ಲಾದರೆ ಏಳು ಗಂಟೆಯೊಳಗೆ ಕಂಪನಿ ಬಸ್ಸು ಹತ್ತಿರುತ್ತೇನೆ. ಅಂದು ಹಾಸಿಗೆಯಲ್ಲಿದ್ದೆ. ಕಾಫಿ ಬೇಕೆನಿಸಿ ಎದ್ದು ಅಡುಗೆಮನೆಗೆ ಬಂದರೆ ಜಯಾ ಇಲ್ಲ. ಮುಂಬಾಗಿಲು ತೆಗೆದಿತ್ತು. ಹೊರಗೆ ಗೇಟಿನೊಳಗೆ ಕಾರು ನಿಂತಿತ್ತು, ತೊಳೆದು, ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಒಂದು ದಾಸವಾಳ ಸಿಕ್ಕಿಸಿತ್ತು. ಅವಳು ಮುಂದಿನ ಚಕ್ರದ ಪಕ್ಕ ನೆಲದ ಮೇಲೆ ಕೂತು, ಬಾಯಲ್ಲಿ ನನ್ನ ಸಣ್ಣ ಟಾರ್ಚು ಕಚ್ಚಿಕೊಂಡು, ಹಳೆಯ ದೋಸೆ ಮಗುಚುವ ಕೈಯನ್ನು ಚಕ್ರದ ಕಡ್ಡಿಗಳ ನಡುವೆ ತೂರಿಸಿ ಏನನ್ನೋ ಎಬ್ಬುತ್ತಿದ್ದಳು. ಟಕ್ಕೆಂದು ಒಂದು ಸೀಸದ ತುಂಡು ಕಿತ್ತು ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಪಕ್ಕದ ಹಳದಿ ಬಟ್ಟೆಯ ಮೇಲಿಟ್ಟಳು.

ನಾನು ಸ್ತಂಭೀಭೂತನಾಗಿ ನಿಂತೆ. ಒಂದೂವರೆ ತಿಂಗಳಿಂದ ನಾನು ಹುಡುಕಿದ ಕಳ್ಳ ನನ್ನ ಮನೆಯ ಅಂಗಳದಲ್ಲಿ, ಮಡಿ ಸೀರೆ ಉಟ್ಟುಕೊಂಡು ಕೂತಿದ್ದ!

“ಜಯಾ!”

ಅವಳು ಬೆಚ್ಚಿ ಕೈ ಎಳೆದುಕೊಂಡ ರಭಸಕ್ಕೆ ಮುಂಗೈ ಉದ್ದಕ್ಕೂ ತರಚಿತು. ಟಾರ್ಚು ಬಿತ್ತು. “ನಾನೇನೂ ಮಾಡಿಲ್ಲ ರೀ,” ಅಂದಳು ಮೊದಲಿಗೆ. ಆಮೇಲೆ ಗೋಡೆಗೆ ಒರಗಿ, ಬಿಳುಚಿಕೊಂಡು, ಪಿಸುದನಿಯಲ್ಲಿ ಹೇಳಿದಳು. “ಇದು ಹೋಗ್ತಾನೇ ಇಲ್ಲ ರೀ. ಕಿತ್ತಷ್ಟೂ ಬರ್ತಿದೆ.”

“ಏನು ಬರ್ತಿದೆ?”

“ತಗಡು.”

ಅವಳು ಬಿಡಿಸಿ ಹೇಳಿದ್ದನ್ನು ನಾನು ನಿಂತಲ್ಲೇ ಕೇಳಿದೆ. ಕಾರು ಮನೆಗೆ ಬಂದ ದಿನ ಅದರ ತುಂಬ ಹಳೆಯವರ ಹರಕೆಗಳಿದ್ದವು. ಬಂಪರಿಗೆ ಒಣಗಿದ ನಿಂಬೆಹಣ್ಣು, ಕನ್ನಡಿಗೆ ತಾಯತ, ಸ್ಟೇರಿಂಗಿನ ಕೆಳಗೆ ಕಪ್ಪು ದಾರ. ಇನ್ನೊಬ್ಬರು ತಮಗೆಂದು ಕಟ್ಟಿಸಿಕೊಂಡಿದ್ದು ನಮ್ಮ ಗಾಡಿಯಲ್ಲಿ ಇರಬಾರದು. “ಹಳೆಯವರದು ಏನಿದ್ರೂ ಕಿತ್ತು ಬಿಸಾಕು, ಒಂದೂ ಉಳೀಬಾರದು,” ಎಂದು ಅವಳಿಗೆ ಅಪ್ಪಣೆ ಕೊಟ್ಟವನು ನಾನೇ. ಅವಳು ಎಲ್ಲ ಕಿತ್ತಳು. ಮೊದಲ ಶುಕ್ರವಾರ ತೊಳೆಯುವಾಗ ಚಕ್ರದ ಒಳಗೆ ಬೂದುಬಣ್ಣದ ತಗಡುಗಳು ಕಂಡವು. ಸಾಲಾಗಿ, ಯಾರಿಗೂ ಕಾಣದ ಕಡೆ, ಒಂದೊಂದರ ಮೇಲೂ ಅಂಕಿ ಬರೆದದ್ದು. ಅಂಕಿ ಬರೆದ ತಗಡೆಂದರೆ ಮಾಟ ಮಾಡಿಸಿದ ಯಂತ್ರವಲ್ಲದೆ ಇನ್ನೇನು? ಅದನ್ನೂ ಕಿತ್ತಳು.

ಮೂರನೇ ಶುಕ್ರವಾರ ನೋಡಿದರೆ ಅಲ್ಲೇ, ಅಷ್ಟೇ ಸಾಲಾಗಿ, ಹೊಸ ತಗಡು! ಹಳೆಯದಕ್ಕಿಂತ ಹೊಳೆಯುತ್ತಿದ್ದವು. ಅವಳು ಕೂಗಿಕೊಳ್ಳಲಿಲ್ಲ. ಕಿತ್ತಳು. ಅದರ ಮುಂದಿನ ವಾರ ಮತ್ತೆ ಇದ್ದವು, ಈ ಸಲ ಇನ್ನೂ ಒಳಗೆ, ಕೈ ಎಟುಕದ ಜಾಗದಲ್ಲಿ, ತನ್ನಿಂದ ಬಚ್ಚಿಟ್ಟುಕೊಂಡ ಹಾಗೆ. ಆ ದಿನದಿಂದ ಅವಳಿಗೆ ನಿದ್ದೆಯಿಲ್ಲ. ಗಣಪತಿ ದೇವಸ್ಥಾನದಲ್ಲಿ ದಿನಾ ದೀಪ ಹಚ್ಚಿದಳಂತೆ. ನಾನು ಕಾರು ತೆಗೆದುಕೊಂಡು ಗೇಟು ದಾಟಿದರೆ ವಾಪಸು ಬರುವವರೆಗೆ ದೇವರ ಮುಂದೆ ಕೂತಿರುತ್ತಿದ್ದಳಂತೆ. ಕಿತ್ತದ್ದನ್ನು ಕಸಕ್ಕೆ ಹಾಕಲು ಹೆದರಿ ಉಪ್ಪಿನಕಾಯಿ ಭರಣಿಯೊಂದರಲ್ಲಿ ತುಂಬಿ ತುಳಸಿಕಟ್ಟೆಯ ಹಿಂದೆ ಇಟ್ಟಿದ್ದಳು. ತಂದು ತೋರಿಸಿದಳು. ಭರಣಿಯ ಅರ್ಧಕ್ಕೆ ಸೀಸ.

ನನಗೆ ನಗು ಬಂತು. ತಡೆಯಲಾಗದೆ ನಕ್ಕೆ. ನಗುತ್ತಲೇ, ಅದು ತಗಡಲ್ಲ ಮಾರಾಯ್ತಿ, ತೂಕ, ಗ್ಯಾರೇಜಿನಲ್ಲಿ ಅಂಟಿಸುವುದು, ನೀನು ಕೀಳುತ್ತೀಯ, ಅವನು ಅಂಟಿಸುತ್ತಾನೆ ಎಂದು ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಅವಳಿಗೆ ನಗು ಬರಲಿಲ್ಲ. ಭರಣಿ ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತಳು. ಇಷ್ಟು ದಿನದ ಭಯ ಒಂದೇ ಸಲಕ್ಕೆ ಇಳಿಯಬೇಕಲ್ಲ.

“ಯಾರು ಅಂಟಿಸ್ತಿದ್ದದ್ದು?” ಎಂದು ಕೇಳಿದಳು ಆಮೇಲೆ.

“ಆ ಮುತ್ತುರಾಜ...” ಎಂದವನು ಅಲ್ಲೇ ನಿಂತುಬಿಟ್ಟೆ. ಅವನ ಕೆಲಸ ಹೋಗಿತ್ತು. ನಾನು ತೆಗೆಸಿದ್ದೆ. ನಲವತ್ತು ಮನೆಗೆ ಅವನ ಹೆಸರು ಹಾಳು ಮಾಡಿದ್ದೆ. ಅವನ ಕೆಲಸದಲ್ಲಿ ಗುಲಗಂಜಿಯಷ್ಟೂ ತಪ್ಪಿರಲಿಲ್ಲ.

“ನನ್ನ ಒಂದು ಮಾತು ಕೇಳೋಕೇನಾಗಿತ್ತು ನಿನಗೆ? ಇದೇನು ಅಂತ ಒಂದು ಸಲ ಕೇಳಿದ್ರೆ ಮುಗೀತಿತ್ತಲ್ಲ!” ಎಂದು ಆಗಲೂ ಕೂಗಿದೆ. ನಾಚಿಕೆಗೆ ಕೂಗಿದ್ದೋ, ಅಭ್ಯಾಸಕ್ಕೋ, ಗೊತ್ತಿಲ್ಲ.

ಜಯಾ ಕಣ್ಣೊರೆಸಿಕೊಂಡಳು. “ಮೊದಲು ಅವರನ್ನ ಹುಡುಕೋಣ ನಡೀರಿ,” ಅಂದಳು.

ಯಜಮಾನರಿಗೆ ಫೋನಿನಲ್ಲೇ ಎಲ್ಲ ಹೇಳಿದೆ. “ಅಲ್ಲಾ ಸಾರ್...” ಎಂದು ಏನೋ ಹೇಳಹೊರಟು ನುಂಗಿಕೊಂಡರು. “ನೀವೇ ಬಂದು ನಮ್ಮ ಹುಡುಗರೆಲ್ಲರ ಮುಂದೆ ಹೇಳಿ. ಅವನು ಬಂದ್ರೆ ಇವತ್ತೇ ಕೆಲಸಕ್ಕೆ ನಿಲ್ಲಿಸ್ಕೋತೀನಿ. ಆದ್ರೆ ಅವನು ಊರಿಗೆ ಹೊರಟಿರ್ಬೇಕು, ಬೇಗ ಹೋಗಿ.” ಬಿಟಿಎಂನಲ್ಲಿ ಅವನ ರೂಮಿನ ಗುರುತು ಕೊಟ್ಟರು.

ಮೂರನೇ ಮಹಡಿ, ನೀರಿನ ಟ್ಯಾಂಕಿನ ಪಕ್ಕದ ಒಂದೇ ಕೋಣೆ. ಬಾಗಿಲು ತೆರೆದಿತ್ತು. ಮುತ್ತುರಾಜ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ನಮ್ಮನ್ನು ಕಂಡವನೇ ಗಾಬರಿಯಿಂದ ಎದ್ದು ನಿಂತ.

“ಮತ್ತ ಅದರಾಕತ್ತೈತೇನ್ರಿ ಸರ?”

ಬೈಯಲು ಬಂದಿದ್ದೇನೆ ಎಂದೇ ಅವನು ತಿಳಿದಿದ್ದ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, “ನಿಮ್ಮದೇನೂ ತಪ್ಪಿಲ್ಲ,” ಅಂದೆ. ನಾನು ಅವನಿಗೆ ‘ನೀವು’ ಅಂದದ್ದು ಅದೇ ಮೊದಲು. ತೂಕದ ಕತೆ, ತಗಡಿನ ಕತೆ ತೊದಲುತ್ತ ಹೇಳಿದೆ. ಯಜಮಾನರು ಕರೆಯುತ್ತಿದ್ದಾರೆ, ಗ್ಯಾರೇಜಿನವರೆಲ್ಲರ ಎದುರು ನಾನೇ ನಿಂತು ಹೇಳುತ್ತೇನೆ, ಗುಂಪಿಗೂ ನನ್ನ ಬಾಯಿಂದಲೇ ಹಾಕುತ್ತೇನೆ ಎಂದೆ. ಜಯಾ ಮುಂದೆ ಬಂದು, “ನನ್ನಿಂದ ನಿಮಗೆ ಹೀಗಾಯ್ತು ಕಣಪ್ಪಾ,” ಎಂದು ಕೈಮುಗಿದಳು.

ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಅದನ್ನು ಕಂಡು ನನಗೆ ಆಶ್ಚರ್ಯವಾಯಿತು.

“ನಿಮಗೆ ಗೊತ್ತಿತ್ತಾ?”

“ಎರಡನೇ ಸಲಾನ ಗೊತ್ತಾಗಿತ್ರಿ ಸರ,” ಅಂದ ಅವನು. “ಅಂಟು ಇದ್ದ ಜಾಗಾದಾಗ ಅರಿಷಿಣ ಹತ್ತಿತ್ತು. ಮನ್ಯಾಗ ಹೆಣ್ಮಕ್ಕಳು ಯಾರೋ ಪೂಜಿ ಮಾಡಿ ಕೀಳಾಕತ್ತಾರ ಅಂತ ತಿಳೀತು. ಅದಕ್ಕ ಆ ಸಲಾನ ಕೈ ಎಟುಕದಂಗ ಒಳಗ ಹಚ್ಚಿದೆ. ಅಕ್ಕಾರು ಅದನ್ನೂ ಬಿಡಲಿಲ್ಲ.” ಜಯಾಳ ಕಡೆ ನೋಡಿ ಸ್ವಲ್ಪ ನಕ್ಕ.

“ಗೊತ್ತಿದ್ದೂ ಯಾಕೆ ಹೇಳಲಿಲ್ಲ? ಕೆಲಸ ಹೋಗೋವಾಗಲೂ ಯಾಕೆ ಸುಮ್ಮನಿದ್ರಿ? ತಪ್ಪು ನಂದು ಅಂತ ಬೇರೆ ಒಪ್ಕೊಂಡ್ರಿ. ಯಾಕೆ?”

ಅವನು ಚೀಲದ ಜಿಪ್ಪು ಎಳೆಯುವುದೂ ಬಿಡುವುದೂ ಮಾಡುತ್ತ ನಿಂತ.

“ಹೇಳಿ ಮುತ್ತುರಾಜ,” ಅಂದಳು ಜಯಾ.

“ಸಿಟ್ಟಾಗಬ್ಯಾಡ್ರಿ ಸರ. ಒಂದ್ಸಲ ನೀವು ಗ್ಯಾರೇಜಿನ್ಯಾಗ ನಿಂತು ಫೋನಿನ್ಯಾಗ ಮಾತಾಡೂದು ಕೇಳಿದ್ದೆ. ಊಟಕ್ಕ ಯಾವಾಗ ಬರ್ತೀರಿ ಅಂತ ಅಕ್ಕಾರು ಕೇಳಿದ್ರು ಅನಿಸ್ತೈತಿ. ಅಷ್ಟಕ್ಕ ನೀವು ಆಡಿದ ಮಾತು...” ಅವನು ನಿಲ್ಲಿಸಿದ. ಆಮೇಲೆ ನನ್ನನ್ನೇ ನೋಡುತ್ತ ಹೇಳಿದ. “ಇದು ಅಕ್ಕಾರ ಕೆಲಸ ಅಂತ ಹೇಳಿದ್ರ ಏನಾಗ್ತಿತ್ತು ಅಂತ ನನಗ ಗೊತ್ತಿತ್ರಿ. ನನಗ ಬೈದ್ರ ನಾ ನಮ್ಮೂರಿಗೆ ಹೊಕ್ಕೀನಿ. ಅಕ್ಕಾರು ಎಲ್ಲಿಗೆ ಹೋಗ್ಬೇಕ್ರಿ?”

ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ನನ್ನ ಮನೆಯ ಹೆಂಗಸನ್ನು ನನ್ನಿಂದ ಕಾಪಾಡಲು, ಅವಳ ಮುಖ ಕೂಡ ನೋಡಿರದವನೊಬ್ಬ ತನ್ನ ಅನ್ನ ಬಿಟ್ಟಿದ್ದ. ಹಾಗೇನಿಲ್ಲಪ್ಪ, ನಾನು ಬಾಯಿ ಜೋರು ಅಷ್ಟೇ ಎಂದು ಹೇಳಲು ಹೊರಟೆ. ಅದನ್ನು ನಾನೇ ಹೇಳಿದರೆ ನಂಬುವವರು ಯಾರು.

ಜಯಾಳ ಕಡೆ ತಿರುಗಿದೆ. ಅವಳು ಹೇಳುತ್ತಾಳೆ ಅಂದುಕೊಂಡೆ. ಇವರು ಕೂಗಾಡ್ತಾರೆ, ಆದರೆ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲ್ಲ ಎಂದೋ, ನೀನು ತಪ್ಪು ತಿಳ್ಕೊಂಡಿದೀಯಪ್ಪ ಎಂದೋ, ನನ್ನ ಪರವಾಗಿ ಒಂದು ಮಾತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳು ಅಷ್ಟು ಹೇಳದಿರುತ್ತಾಳೆಯೇ. ನಾನು ಕಾದೆ. ಮುತ್ತುರಾಜನೂ ಕಾದ.

ಅವಳು ತರಚಿದ ಮುಂಗೈಯನ್ನು ಸೆರಗಿನಲ್ಲಿ ಒತ್ತಿ ಹಿಡಿದುಕೊಂಡು ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಬಗ್ಗಿ ಅವನ ಚೀಲವನ್ನು ಬಾಗಿಲಿನಿಂದ ಒಳಕ್ಕೆ ಸರಿಸಿಟ್ಟು, “ನೀವು ಊರಿಗೆ ಹೋಗ್ಬೇಡಿ, ಕೆಲಸಕ್ಕೆ ಬನ್ನಿ,” ಎಂದು ಅವನಿಗೆ ಹೇಳಿದಳು. ಆಮೇಲೆ ನಮ್ಮಿಬ್ಬರಿಗಿಂತ ಮೊದಲು ಮೆಟ್ಟಿಲಿಳಿದಳು.